ನೂರಿಯಾಕ್ಕೆ ಹೋಗುವ ಗಾಡಿ

ತೆಕ್ಲಾ ಮತ್ತೊಮ್ಮೆ ಕರೆದಳು. ಹುಡುಗಿ ತಿರುಗಲಿಲ್ಲ. ವಿಮಾನ ನಿಲ್ದಾಣದಿಂದ ಹೊರಟ ಗಾಡಿ ಆಗಷ್ಟೇ ವೇಗ ಹಿಡಿದಿತ್ತು. ಕಿಟಕಿಯಾಚೆ ತರಕಾರಿ ಹೊಲಗಳು, ಗೋದಾಮುಗಳು, ಒಣಹಾಕಿದ ಬಟ್ಟೆಗಳ ಬಾಲ್ಕನಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಹುಡುಗಿ ಗಾಜಿಗೆ ಹಣೆ ಒತ್ತಿಕೊಂಡು ಕೂತಿತ್ತು. ಅದರ ಉಸಿರು ಗಾಜಿನ ಮೇಲೆ ಮಂಜಾಗಿ ಮೂಡಿ ಮಾಯವಾಗುತ್ತಿತ್ತು.

"ಮಗೂಗೆ ಕಿವಿ ಮಂದವೇನೆ?" ಎಂದು ಮುದುಕಿ ಸೊಸೆಯನ್ನು ಮೆಲ್ಲಗೆ ಕೇಳಿದಳು.

"ಇಲ್ಲ ಅತ್ತೆ. ವಿಮಾನದಲ್ಲಿ ನಿದ್ದೆ ಮಾಡಿಲ್ಲ, ಅದಕ್ಕೆ" ಎಂದಳು ರೋಸೆ. ಹೇಳಿದ್ದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಮಗುವಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅತ್ತೆ ಕರೆಯುತ್ತಿದ್ದ ಹೆಸರು ಮಾತ್ರ ಅದರದಾಗಿರಲಿಲ್ಲ.

ಹುಡುಗಿಯ ಹೆಸರು ಅರೆಲಿಸ್. ಕೊಲಂಬಿಯಾದ ಗುಡ್ಡಗಾಡಿನ ಕಡೆಯದು, ಏಳು ವರ್ಷ. ರೋಸೆ ಮತ್ತು ಅವಳ ಗಂಡ ಬರ್ನಾತ್ ಹೋಗಿ ದತ್ತು ತೆಗೆದುಕೊಂಡಿದ್ದರು. ಹಿಮ ಬೀಳುವ ಕಾಲ ಶುರುವಾದದ್ದರಿಂದ ಬರ್ನಾತ್ ಮೊದಲೇ ಮರಳಬೇಕಾಯಿತು. ಬೆಟ್ಟದ ಮೇಲೆ, ನೂರಿಯಾದ ಸ್ಕೀ ಇಳಿಜಾರುಗಳಲ್ಲಿ ರಾತ್ರಿ ಯಂತ್ರ ಓಡಿಸಿ ಹಿಮವನ್ನು ಸಮ ಮಾಡುವುದು ಅವನ ಕೆಲಸ. ಕೋರ್ಟಿನ ಕೊನೆಯ ಕಾಗದ ಕೈಗೆ ಬರುವವರೆಗೆ ರೋಸೆ ಅಲ್ಲೇ ಉಳಿದಳು. ಇವತ್ತು ತಾಯಿ ಮಗಳನ್ನು ಎದುರುಗೊಳ್ಳಲು ಬರ್ನಾತನ ತಾಯಿ ತೆಕ್ಲಾ ಒಬ್ಬಳೇ ಬೆಟ್ಟದ ಬುಡದ ರೀಬೆಸ್‌ನಿಂದ ಗಾಡಿ ಹತ್ತಿ, ಬಾರ್ಸಿಲೋನಾದಲ್ಲಿ ಬದಲಾಯಿಸಿ, ದಾರಿಯಲ್ಲಿ ನಾಲ್ಕು ಜನರನ್ನು ಕೇಳಿಕೊಂಡು ವಿಮಾನ ನಿಲ್ದಾಣಕ್ಕೆ ಬಂದಿದ್ದಳು.

ನೂರಿಯಾದಲ್ಲಿ ಇರುವುದು ಬರೀ ಹಿಮವಲ್ಲ. ಅಲ್ಲಿ ನೂರಿಯಾ ಮಾತೆಯ ಇಗರ್ಜಿಯಿದೆ. ಇಗರ್ಜಿಯ ಒಂದು ಮೂಲೆಯಲ್ಲಿ ಹಳೆಯ ಕೊಪ್ಪರಿಗೆ, ಅದರ ಮೇಲೆ ಗಂಟೆ. ಮಕ್ಕಳಾಗದವಳು ಕೊಪ್ಪರಿಗೆಯೊಳಗೆ ತಲೆಯಿಟ್ಟು, ಗಂಟೆಯ ಹಗ್ಗ ಜಗ್ಗಿ, ಮನಸ್ಸಿನಲ್ಲಿರುವುದನ್ನು ಮಾತೆಗೆ ಹೇಳಿಕೊಳ್ಳಬೇಕು. ಹೆಣ್ಣಾದರೆ ಮಗುವಿಗೆ ನೂರಿಯಾ ಎಂದೇ ಹೆಸರು. ಹೀಗಾಗಿ ಆ ಕಣಿವೆಯ ಯಾವ ಬೀದಿಯಲ್ಲಿ ನಿಂತು ನೂರಿಯಾ ಎಂದು ಕೂಗಿದರೂ ಮುದುಕಿಯರು, ಸೊಸೆಯರು, ಶಾಲೆಗೆ ಹೋಗುವವರು ಎಲ್ಲ ಒಟ್ಟಿಗೆ ತಿರುಗುತ್ತಾರೆ. ರೋಸೆಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಉಳಿಯಲಿಲ್ಲ. ಆಮೇಲೆ ಒಂದು ಚಳಿಗಾಲ ತೆಕ್ಲಾ ತಾನೇ ಅವಳ ಕೈಹಿಡಿದು ಕರೆದುಕೊಂಡು ಹೋಗಿ ಕೊಪ್ಪರಿಗೆಯ ಮುಂದೆ ನಿಲ್ಲಿಸಿದ್ದಳು. ಹರಕೆಯನ್ನು ಅತ್ತೆ ಸೊಸೆ ಇಬ್ಬರೂ ಸೇರಿ ಹೊತ್ತಿದ್ದರು.

ತೆಕ್ಲಾಳ ಪಾಲಿಗೆ ಮಗು ಹೊಟ್ಟೆಯಿಂದ ಬಂದರೇನು, ವಿಮಾನದಿಂದ ಬಂದರೇನು, ಕೊಟ್ಟವಳು ಮಾತೆ. ಕೊಟ್ಟ ಮೇಲೆ ಮಾತು ತಪ್ಪಿದರೆ ಅವಳು ವಾಪಸ್ಸು ಕರೆದುಕೊಂಡಾಳು ಎಂಬ ಭಯ ಆಕೆಯ ಎದೆಯೊಳಗೆ ತಣ್ಣಗೆ ಕೂತಿತ್ತು. ಆ ಭಯವನ್ನು ಆಕೆ ಯಾರ ಮುಂದೆಯೂ ಆಡಿರಲಿಲ್ಲ. ಮಗುವನ್ನು ಮನೆಗೆ ಕರೆದೊಯ್ಯುವ ಮೊದಲು ಮಾತೆಯ ಮುಂದೆ ನಿಲ್ಲಿಸಬೇಕು, ಸೋಮವಾರ ಊರಿನ ಕಚೇರಿಯಲ್ಲಿ ಹೆಸರು ಬರೆಸಬೇಕು ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು. ರೋಸೆ ಹೂಂ ಎಂದಿದ್ದಳು. ಮಗುವಿಗೆ ಈ ವಿಷಯ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡುತ್ತಾ, ಹೇಳದೆಯೇ ವಿಮಾನ ಹತ್ತಿದ್ದಳು.

ಬಾರ್ಸಿಲೋನಾದ ನೆಲದಡಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬದಲಾಯಿಸಿದರು. ಸ್ಕೀ ಹಲಗೆಗಳನ್ನು ಹೆಗಲಿಗೇರಿಸಿಕೊಂಡ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಹತ್ತಿಕೊಂಡರು. ಅವರು ಅತ್ತ ಇತ್ತ ತಿರುಗಿದಾಗಲೆಲ್ಲ ಹಲಗೆಯ ತುದಿ ಯಾರದಾದರೂ ತಲೆಗೆ ತಾಗಿ, ಕ್ಷಮಿಸಿ ಕ್ಷಮಿಸಿ ಎನ್ನುವುದು ನಡೆದೇ ಇತ್ತು. ತೆಕ್ಲಾ ಚೀಲ ಬಿಚ್ಚಿ, ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ರೊಟ್ಟಿಯನ್ನೂ ಒಣಸಾಸೇಜಿನ ಚೂರುಗಳನ್ನೂ ಹೊರತೆಗೆದಳು. ಹುಡುಗಿ ರೊಟ್ಟಿಯನ್ನು ಮೂಸಿ, ತಿಂದು, ಮತ್ತೊಂದಕ್ಕೆ ಕೈಚಾಚಿತು. ಮುದುಕಿಗೆ ಆನಂದವಾಯಿತು. ತಿನ್ನುವ ಮಗು ಬದುಕುವ ಮಗು ಎಂಬುದು ಆಕೆಯ ಲೆಕ್ಕ.

ವಿಕ್‌ನ ಬಯಲಿಗೆ ಬರುವಾಗ ಗಾಡಿ ಮಂಜಿನೊಳಗೆ ಹೊಕ್ಕಿತು. ಹೊರಗೆ ಮರವಿಲ್ಲ, ಮನೆಯಿಲ್ಲ, ಎಲ್ಲ ಬಿಳಿ. ಒಂಟಿ ಹಳಿಯ ದಾರಿ. ಎದುರಿನ ಗಾಡಿ ದಾಟಲೆಂದು ಒಂದು ಚಿಕ್ಕ ನಿಲ್ದಾಣದಲ್ಲಿ ಇವರದು ನಿಂತುಕೊಂಡಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ತೆಕ್ಲಾ, "ನೂರಿಯಾ, ಚಳಿಯಾಗ್ತಿದ್ಯಾ ಪುಟ್ಟಿ?" ಎಂದಳು.

ಹುಡುಗಿ ಈಗ ತಿರುಗಿತು. ಅದರ ಊರಿನ ಕಡೆ ಮಕ್ಕಳು ಮಕ್ಕಳಿಗೇ ನೀವು ಎನ್ನುತ್ತಾರೆ. ಅದು ಆಡುವುದು ಇವರಿಗೂ ಬರುವ ಸ್ಪ್ಯಾನಿಷ್ ಮಾತೇ, ಆದರೆ ರಾಗ ಬೇರೆ.

"ನೀವು ಯಾರನ್ನ ಕರೀತಿದೀರಿ? ನಾನು ಅರೆಲಿಸ್."

ರೋಸೆ ತಲೆ ತಗ್ಗಿಸಿದಳು. ತೆಕ್ಲಾ ಸೊಸೆಯ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡಳು. ಬೈಯಲಿಲ್ಲ. ಕೈಗಂಟಿದ ರೊಟ್ಟಿಚೂರು ಕೊಡವಿಕೊಂಡು, ಮಗುವಿಗೆ ಕತೆ ಹೇಳುವಂತೆ ಶುರುಮಾಡಿದಳು. ಬೆಟ್ಟದ ಮೇಲೆ ಒಬ್ಬ ತಾಯಿ ಇದ್ದಾಳೆ, ಅವಳ ಬಳಿ ಒಂದು ಕೊಪ್ಪರಿಗೆ ಇದೆ, ನಿನ್ನ ಅಮ್ಮ ಅದರೊಳಗೆ ತಲೆಯಿಟ್ಟು ನಿನ್ನನ್ನೇ ಕೇಳಿಕೊಂಡಳು, ಸಿಕ್ಕಿದರೆ ಅವಳ ಹೆಸರಿಡುತ್ತೇವೆ ಎಂದು ಮಾತು ಕೊಟ್ಟೆವು. ಹುಡುಗಿ ಕಣ್ಣು ಕದಲಿಸದೆ ಕೇಳಿತು. ಎದುರಿನ ಗಾಡಿ ಮಂಜಿನಿಂದ ಮೂಡಿ ಮಂಜಿನೊಳಗೆ ಹೋಯಿತು. ಇವರ ಗಾಡಿ ಅಲುಗಿತು.

"ಮಾತು ಕೊಟ್ಟಿದ್ದು ನೀವು" ಎಂದಿತು ಹುಡುಗಿ ಕೊನೆಗೆ. "ಹಂಗಾದ್ರೆ ಮೊದ್ಲು ನೀವು ಬದಲಾಯಿಸ್ಕೊಳ್ಳಿ."

"ನಾನಾ? ನನಗೇನು ಹೆಸರಿಡ್ತೀಯೆ?"

"ಬೆನಿಲ್ದಾ."

ರೋಸೆ ಬಾಯಿಗೆ ಕೈ ಅಡ್ಡ ಹಿಡಿದಳು. ದತ್ತಾಗುವ ಮೊದಲು ಹುಡುಗಿ ಇದ್ದ ಸಾಕುಮನೆಯಲ್ಲಿ ಬೆನಿಲ್ದಾ ಎನ್ನುವುದು ಒಂದು ಕೋಳಿ. ಕರೆದರೆ ಬಾರದ, ಕರೆಯದಿದ್ದರೆ ಅಡುಗೆಮನೆಗೇ ನುಗ್ಗುವ ಕೋಳಿ. ಇದನ್ನು ಸೊಸೆ ನಗುತ್ತ ನಗುತ್ತ ಹೇಳಿದಾಗ ಎದುರಿನ ಸೀಟಿನ ಸ್ಕೀ ಹುಡುಗರೂ ನಕ್ಕರು. ತೆಕ್ಲಾಳೂ ನಕ್ಕಳು. ಆದರೆ ಹುಡುಗಿ ನಗಲಿಲ್ಲ. ಷರತ್ತನ್ನು ತೂಕವಾಗಿ ಮುಂದಿಟ್ಟಿತು. ಬೆಟ್ಟದ ತುದಿ ಮುಟ್ಟುವವರೆಗೆ ಅಜ್ಜಿ ಬೆನಿಲ್ದಾ. ಹಳೆ ಹೆಸರಿಗೆ ಒಂದೇ ಒಂದು ಸಲ ತಿರುಗಿದರೂ, ಓ ಎಂದರೂ, ಸೋತಳು. ಸೋಲದಿದ್ದರೆ ತಾನು ನೂರಿಯಾ ಆಗುತ್ತೇನೆ, ಅಳುವುದಿಲ್ಲ.

"ಅತ್ತೆ, ಬೇಡ" ಎಂದಳು ರೋಸೆ.

ಮಾತೆಯೇ ದಾರಿ ತೋರಿಸಿದಳು ಎನಿಸಿತು ತೆಕ್ಲಾಗೆ. "ಆಗಲಿ" ಎಂದು ಮಗುವಿನ ಪುಟ್ಟ ಕೈ ಹಿಡಿದು ಕುಲುಕಿದಳು.

ಮಂಜು ಹರಿದು ಬಿಸಿಲು ಬಂತು. ಆಚೆ ಈಚೆ ಬೆಟ್ಟಗಳು ಒತ್ತಿಕೊಂಡು ನಿಂತವು. ಗಾಡಿ ನದಿಯ ಪಕ್ಕಕ್ಕೆ ಸರಿದು, ಮುಚ್ಚಿಹೋದ ಹತ್ತಿಗಿರಣಿಗಳನ್ನು ದಾಟಿ, ಉಸಿರು ಕಟ್ಟಿಕೊಂಡು ಏರತೊಡಗಿತು. ರಿಪೋಲ್ ದಾಟುವವರೆಗೂ ಆಟ ಸಲೀಸಾಗಿತ್ತು. ಹುಡುಗಿ ಇದ್ದಕ್ಕಿದ್ದಂತೆ ತೆಕ್ಲಾ ಎನ್ನುತ್ತಿತ್ತು, ಮುದುಕಿ ಕಲ್ಲಾಗುತ್ತಿದ್ದಳು. ಬೆನಿಲ್ದಾ ಎಂದರೆ ಕತ್ತು ಕೊಂಕಿಸಿ ಕೊಕ್ಕೊಕ್ಕೊ ಎನ್ನುತ್ತಿದ್ದಳು. ಒಂದು ಸಲ ಹುಡುಗಿಯ ತುಟಿ ನಗೆಗೆ ಹತ್ತಿರ ಬಂದು ಹಿಂದೆ ಸರಿಯಿತು.

ಕಷ್ಟವಾದದ್ದು ರೀಬೆಸ್‌ನಲ್ಲಿ, ಬೆಟ್ಟದ ರೈಲು ಹತ್ತಿದ ಮೇಲೆ. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಏರುವ ಪುಟ್ಟ ಗಾಡಿ ಅದು. ಅಲ್ಲಿ ತೆಕ್ಲಾಳನ್ನು ಅರಿಯದವರಿಲ್ಲ. ಟಿಕೆಟ್ ನೋಡುವವನು ಹೆಸರು ಹಿಡಿದು ಮಾತಾಡಿಸಿದ. ಬ್ರೆಡ್ಡಿನ ಅಂಗಡಿಯವಳು ಮೊಮ್ಮಗಳಿಗೆ ಸಕ್ಕರೆ ಮಿಠಾಯಿ ಕೊಡಲು ಬಂದು, "ತೆಕ್ಲಾ, ಕೊನೆಗೂ ಬಂದಳಲ್ಲೆ" ಎಂದಳು. ಮುದುಕಿ ಕಿಟಕಿಯ ಕಡೆ ನೋಡುತ್ತಲೇ ಇದ್ದಳು. ಪ್ರಯಾಣದ ದಣಿವು ಎಂದು ರೋಸೆ ಎಲ್ಲರಿಗೂ ಸಮಾಧಾನ ಹೇಳಬೇಕಾಯಿತು.

ಕೆರಾಲ್ಬ್ಸ್‌ನಲ್ಲಿ ಫಿನಾ ಹತ್ತಿದಳು. ತೆಕ್ಲಾ ಮತ್ತು ಫಿನಾ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವರು, ಒಂದೇ ವರ್ಷ ಮದುವೆಯಾದವರು. ಫಿನಾಳ ಗಂಡ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಮಾತೆಯ ಮುಂದೆ ಮೇಣದಬತ್ತಿ ಹಚ್ಚಲು ಹೊರಟಿದ್ದಳು. ಗೆಳತಿಯನ್ನು ಕಂಡವಳೇ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ತೆಕ್ಲಾ, ಭಾನುವಾರ ಅವರ ಹೆಸರಿನ ಪೂಜೆ ಇದೆ. ನೀನು ಬಂದು ನನ್ನ ಪಕ್ಕ ಕೂತ್ಕೊತೀಯಾ? ಒಬ್ಬಳಿಗೇ ಆ ಮುಂದಿನ ಬೆಂಚು ದೊಡ್ಡದಾಗಿ ಕಾಣತ್ತೆ."

ತೆಕ್ಲಾಳ ಕತ್ತು ತಿರುಗಲಿಲ್ಲ. ಎದುರಿನಲ್ಲಿ ಹುಡುಗಿ ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿತ್ತು. ಇನ್ನು ಕಾಲು ಗಂಟೆಯ ದಾರಿ ಅಷ್ಟೇ. ಆಮೇಲೆ ಎಲ್ಲ ಬಿಡಿಸಿ ಹೇಳಿದರಾಯಿತು, ಹರಕೆಯ ವಿಷಯವೆಂದರೆ ಫಿನಾ ಮುನಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ತೆಕ್ಲಾ" ಎಂದಳು ಫಿನಾ ಇನ್ನೊಮ್ಮೆ, ತಗ್ಗಿದ ದನಿಯಲ್ಲಿ. "ನಾನೇನಾದ್ರೂ ತಪ್ಪು ಮಾತಾಡಿದ್ನೇನೆ?"

ರೋಸೆ ಎದ್ದು ನಿಂತು ಏನೋ ಹೇಳಹೊರಟಳು. ಅಷ್ಟರಲ್ಲಿ ಫಿನಾ, ಇರಲಿ ಇರಲಿ ಎಂದು ಗೊಣಗಿ, ಡಬ್ಬಿಯ ಇನ್ನೊಂದು ತುದಿಗೆ ಹೋಗಿ, ಬೆನ್ನು ತೋರಿಸಿ ಕೂತಳು. ಕಪ್ಪು ಶಾಲಿನೊಳಗೆ ಆ ಬೆನ್ನು ಬಹಳ ಚಿಕ್ಕದಾಗಿ ಕಂಡಿತು.

ಗಾಡಿ ಕಮರಿಯ ಅಂಚಿಗೆ ಬಂತು. ಕೆಳಗೆ ಹೆಪ್ಪುಗಟ್ಟಿದ ಜಲಪಾತ, ಮೇಲೆ ಕಲ್ಲಿನ ಗೋಡೆ. ಸುರಂಗದೊಳಗೆ ಕತ್ತಲಾಯಿತು. ಕತ್ತಲಲ್ಲಿ ತೆಕ್ಲಾ ತನ್ನ ಎರಡು ಕೈಗಳನ್ನೂ ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಹೊರಬಂದಾಗ ಎಲ್ಲೆಲ್ಲೂ ಹಿಮ. ಗಟ್ಟಿಯಾದ ಕೆರೆ, ಅದರಾಚೆ ಇಗರ್ಜಿ, ಇಳಿಜಾರಿನಲ್ಲಿ ಚುಕ್ಕೆಗಳಂತೆ ಜಾರುವ ಜನ. ಸ್ಕೀ ಹುಡುಗರು ಕೇಕೆ ಹಾಕಿದರು. ಜೀವಮಾನದಲ್ಲಿ ಮೊದಲ ಸಲ ಹಿಮ ಕಂಡ ಹುಡುಗಿ ಅದನ್ನು ನೋಡಲೇ ಇಲ್ಲ.

"ನೀವು ಗೆದ್ರಿ" ಎಂದಿತು. ಕೊಟ್ಟ ಮಾತಿನಂತೆ ಅಳಲಿಲ್ಲ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿಕೊಂಡು, ಯಾರ ಮನೆಯದೋ ಬೆಂಚಿನ ಮೇಲೆ ಕೂತ ಅತಿಥಿಯ ಹಾಗೆ, ಇಳಿಯಲು ಹೇಳುವವರೆಗೆ ಕಾಯುತ್ತ ಕೂತಿತು. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಬರ್ನಾತ್ ಎರಡೂ ಕೈ ಎತ್ತಿ ಬೀಸುತ್ತಿದ್ದ.

ತೆಕ್ಲಾ ಮೊದಲು ಇಳಿಯಲಿಲ್ಲ. ಡಬ್ಬಿಯ ತುದಿಗೆ ಹೋಗಿ, ಕೋಲು ಹುಡುಕುತ್ತಿದ್ದ ಫಿನಾಳ ಪಕ್ಕದಲ್ಲಿ ಕೂತಳು. ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫಿನಾ ಅವಳ ತೋಳಿಗೊಂದು ಪೆಟ್ಟು ಕೊಟ್ಟು, "ಹುಚ್ಚು ಮುದುಕಿ. ನಿನಗೆ ಪಾರ್ಶ್ವವಾಯು ಹೊಡೀತು ಅಂದ್ಕೊಂಡೆ ಕಣೆ" ಎಂದದ್ದು ಮಾತ್ರ ಎಲ್ಲರಿಗೂ ಕೇಳಿಸಿತು. ತೆಕ್ಲಾ ಕಣ್ಣೊರೆಸಿಕೊಂಡೇ ಇಳಿದಳು.

ಇಗರ್ಜಿಯಲ್ಲಿ ಕೊಪ್ಪರಿಗೆಯ ಮುಂದೆ ಸಣ್ಣ ಸಾಲಿತ್ತು. ಸ್ಕೀ ಬೂಟು ಹಾಕಿಕೊಂಡೇ ಬಂದ ಒಂದು ಎಳೆಯ ಜೋಡಿ, ದೂರದೂರಿನ ಅಕ್ಕತಂಗಿಯರು, ಇನ್ನೂ ಕೆಲವರು. ಇವರ ಸರದಿ ಬಂದಾಗ ಮೊಮ್ಮಗಳು ತಾನಾಗಿಯೇ ಮುಂದೆ ಬಂದು ನಿಂತು, ಕೊಪ್ಪರಿಗೆಯ ಕತ್ತಲನ್ನು ಇಣುಕಿ ನೋಡಿತು.

"ಒಳಗೆ ತಲೆಯಿಟ್ಟು ನಿನ್ನ ಹೆಸರು ಹೇಳು" ಎಂದಳು ತೆಕ್ಲಾ. "ಮಾತೆಗೆ ಗೊತ್ತಾಗಲಿ, ಯಾರು ಬಂದಿದ್ದು ಅಂತ."

"ಯಾವ ಹೆಸರು?"

"ನಿನ್ನದು."

ಹುಡುಗಿ ನಂಬಲಿಲ್ಲ. "ನೀವು ಗೆದ್ದಿದೀರಿ" ಎಂದು ನೆನಪಿಸಿತು.

"ಗೆದ್ದೆ. ಅದಕ್ಕೇ ಹೇಳ್ತಿದೀನಿ. ಹರಕೆ ಮಾತು ನಾನು ಆಡಿದ್ದು, ಅವಳ ಹತ್ರ ನಾನು ಮಾತಾಡ್ಕೊತೀನಿ. ನೀನು ನಿನ್ನ ಹೆಸರು ಹೇಳು."

ರೋಸೆ ಅತ್ತೆಯ ಭುಜದ ಮೇಲೆ ಕೈಯಿಟ್ಟಳು. ಮುದುಕಿ ಗಂಟೆಯ ಹಗ್ಗ ಹಿಡಿದುಕೊಂಡಿದ್ದಳು.

ಹುಡುಗಿ ಬಗ್ಗಿ ತಲೆಯನ್ನು ಒಳಗಿಟ್ಟಿತು. ಅರೆಲಿಸ್ ಎಂದಿತು. ಕೊಪ್ಪರಿಗೆ ಆ ಹೆಸರನ್ನು ದೊಡ್ಡದು ಮಾಡಿ ಕಲ್ಲಿನ ಗೋಡೆಗಳಿಗೆ ಹೇಳಿತು. ತೆಕ್ಲಾ ಹಗ್ಗ ಜಗ್ಗಿದಳು. ಗಂಟೆ ಮೊಳಗಿತು.

ಹುಡುಗಿ ತಲೆ ಹೊರತೆಗೆದು, ಗಂಟೆಯನ್ನು ನೋಡಿ, ಅಜ್ಜಿಯನ್ನು ನೋಡಿ, ಮತ್ತೆ ಬಗ್ಗಿತು. ಈ ಸಲ ಮಾರ್ಲೆನಿ ಎಂದಿತು. ಅದು ಯಾರೆಂದು ಯಾರೂ ಕೇಳಲಿಲ್ಲ. ಕೋರ್ಟಿನ ಕಾಗದದಲ್ಲಿ ಹೆತ್ತವಳ ಜಾಗದಲ್ಲಿ ಆ ಹೆಸರನ್ನು ಓದಿದ್ದ ರೋಸೆ ಮಾತ್ರ ಮುಖ ಆಚೆ ತಿರುಗಿಸಿದಳು. ಗಂಟೆ ಮೊಳಗಿತು. ಎಲಿಯೆಸೆರ್ ಎಂದಿತು, ಗಂಟೆ ಮೊಳಗಿತು. ಉಸಿರು ತೆಗೆದುಕೊಂಡು, ಹಿಂದೆ ಬಿಟ್ಟುಬಂದವರ ಇನ್ನೊಂದು ಹೆಸರು, ಆಮೇಲೆ ಮತ್ತೊಂದು. ಪ್ರತಿ ಹೆಸರಿಗೂ ತೆಕ್ಲಾ ತೋಳೆತ್ತಿ ಹಗ್ಗ ಜಗ್ಗಿದಳು. ತೋಳು ಸೋತಾಗ ಫಿನಾ ಬಂದು ಅದೇ ಹಗ್ಗಕ್ಕೆ ತನ್ನ ಕೈಯನ್ನೂ ಸೇರಿಸಿದಳು.

ಹಿಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಯಾರೂ ಅವಸರ ಮಾಡಲಿಲ್ಲ. ನಿಂತವರ ಬೂಟುಗಳಿಗೆ ಮೆತ್ತಿದ್ದ ಹಿಮ ಕರಗಿ, ಕಲ್ಲುಹಾಸಿನ ಸಂದಿಗಳಲ್ಲಿ ಸಣ್ಣಗೆ ಹರಿಯುತ್ತಿತ್ತು.