ಪೋಸ್ತೊ, ಪಾಸ್ತೊ

ನಾನು ತರಬೇತಿಗೆ ಸೇರಿದ್ದು ಇಟಲಿಯಲ್ಲಿ, ಕನ್ನಡಕದ ಫ್ರೇಮು ಮಾಡುವ ಕಾರ್ಖಾನೆಗೆ. ಅಲ್ಲಿ ಕನ್ನಡ ಇದ್ದದ್ದು ಕನ್ನಡಕದ ಹೆಸರಿನಲ್ಲಿ ಮಾತ್ರ. ಯಜಮಾನರಿಗೆ ಬರುತ್ತಿದ್ದುದು ಇಟಾಲಿಯನ್ ಒಂದೇ. ಮೂಗಿನ ಮೇಲೆ ಕೂರುವ ಭಾಗವನ್ನು ಅರದಿಂದ ಉಜ್ಜಿ ನಯಮಾಡುವುದು ನನ್ನ ಪಾಲಿನ ಕೆಲಸ. ಅದರ ಹುಚ್ಚು ನನಗೆ ಹೇಗೆ ಹಿಡಿಯಿತೆಂದರೆ, ಬಸ್ಸಿನಲ್ಲಿ ಕೂತವರ ಮೂಗುಗಳನ್ನೆಲ್ಲ ಕಣ್ಣಲ್ಲೇ ಅಳೆಯುತ್ತಿದ್ದೆ. ತರಬೇತಿ ಮುಗಿದ ಮೇಲೂ ಅಲ್ಲೇ ಉಳಿಯಬೇಕು. ಕೇಳುವುದು ಹೇಗೆ?

ಪಾಲಿಶ್ ಚಕ್ರದ ಮುಂದೆ ಕೂರುವ ಅಕ್ಕ ನಮ್ಮ ಭಾಷೆಯವಳು. "ನಾನೇ ಕೇಳ್ಲಾ?" ಎಂದಳು. ನನಗೆ ಸ್ವಾಭಿಮಾನ ಅಡ್ಡ ಬಂತು. ಸರಿ, ಚಕ್ರ ಗುರ್ರೆನ್ನುತ್ತಿರುವಾಗಲೇ ಕಿರುಚಿ ಹೇಳಿಕೊಟ್ಟಳು: "ಚೆ ಊನ್ ಪೋಸ್ತೊ ಪೆರ್ ಮೆ? ಅಂದ್ರೆ, ನಂಗೊಂದು ಜಾಗ ಇದ್ಯಾ ಅಂತ."

ಆ ಗಲಾಟೆಯಲ್ಲಿ ನನ್ನ ಕಿವಿಗೆ ಬಿದ್ದದ್ದು 'ಪಾಸ್ತೊ'. ಕನ್ನಡಿಯ ಮುಂದೆ ಉರು ಹೊಡೆದು, ಯಜಮಾನರ ಎದುರು ನಿಂತು ಒಂದೇ ಉಸಿರಿಗೆ ಕೇಳಿಬಿಟ್ಟೆ. ಅವರ ಮುಖ ಅರಳಿತು. "ಚೆರ್ತೊ! ಸೆಂಪ್ರೆ!" ಖಂಡಿತ, ಯಾವಾಗಲೂ!

"ಕೆಲಸ ಗಟ್ಟಿಯಾಯ್ತಮ್ಮ!" ಎಂದು ಮನೆಗೆ ಫೋನ್ ಮಾಡಿದೆ.

ಮರುದಿನದಿಂದ ಯಜಮಾನರು ತಮ್ಮ ಸೂಪು, ಬ್ರೆಡ್ಡಿನಲ್ಲಿ ಅರ್ಧ ನನ್ನ ಮುಂದಿಡತೊಡಗಿದರು. ಹೊಸ ಅಳಿಯನಿಗೂ ಅಂಥ ಉಪಚಾರ ಸಿಕ್ಕಿರಲಾರದು.

ಅಕ್ಕನಿಗೆ ಅನುಮಾನ ಬಂತು. "ಏನಂತ ಕೇಳ್ದೆ, ಇನ್ನೊಂದ್ಸಲ ಹೇಳು?"

ಹೇಳಿದೆ. ಅವಳು ಚಕ್ರ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಾಸ್ತೊ ಅಂದ್ರೆ ಊಟ ಕಣೇ! ಇಲ್ಲಿ ನಂಗೆ ಊಟ ಸಿಗುತ್ತಾ ಅಂತ ಕೇಳಿದೀಯ!"

ನನಗೆ ನಗು ಬರಲಿಲ್ಲ, ಅಳು ಬಂತು. ಅಮ್ಮ ಆಗಲೇ ನೆಂಟರಿಷ್ಟರಿಗೆಲ್ಲ ಡಂಗುರ ಸಾರಿಯಾಗಿತ್ತು. ನೇರ ಯಜಮಾನರ ಬಳಿಗೆ ಹೋಗಿ, "ಪಾಸ್ತೊ ನೋ! ಪೋಸ್ತೊ! ಪೋ! ಪೋ!" ಎಂದೆ. ಅವರು ಕಕ್ಕಾಬಿಕ್ಕಿಯಾದರು. ಕಲಿತದ್ದೆಲ್ಲ ಖಾಲಿಯಾಗಿ ಬಾಯಿಂದ ಕನ್ನಡವೇ ಹೊರಟಿತು. "ಊಟ ಮನೇಲೂ ಸಿಗುತ್ತೆ ಸಾರ್. ನಂಗೆ ಕೆಲಸ ಬೇಕು, ಇದೇ ಕೆಲಸ!" ಎನ್ನುತ್ತ ನಾನು ಉಜ್ಜಿದ ಫ್ರೇಮನ್ನು ಅವರ ಮುಂದೆ ಹಿಡಿದೆ.

ಅವರು ಅದನ್ನು ತಮ್ಮ ಮೂಗಿಗೇರಿಸಿ ತಲೆ ಕೊಡವಿದರು. ಬಗ್ಗಿದರು. ಫ್ರೇಮು ಜಾರಲಿಲ್ಲ.

"ಕ್ವಾಂದೊ ಕೊಮಿಂಚಿ?"

"ಯಾವತ್ತಿಂದ ಶುರು ಮಾಡ್ತೀಯ ಅಂತಿದ್ದಾರೆ ಕಣೇ," ಎಂದಳು ನನ್ನ ಹಿಂದೆಯೇ ಬಂದಿದ್ದ ಅಕ್ಕ.

ಕೇಳುವುದನ್ನಷ್ಟೇ ನಾನು ಕಲಿತದ್ದು. ಕೊಟ್ಟರೆ ಏನೆನ್ನಬೇಕೆಂದು ಯಾವ ಭಾಷೆಯಲ್ಲೂ ಯೋಚಿಸಿರಲಿಲ್ಲ. ಹೋಗಿ ಅರ ಕೈಗೆತ್ತಿಕೊಂಡು, ಮುಂದಿನ ಫ್ರೇಮು ಉಜ್ಜತೊಡಗಿದೆ.