ಟೇಲರಮ್ಮನ ಒಪ್ಪಿಗೆ

೧
ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಆಂಬುಲೆನ್ಸ್ ಕೂಗುತ್ತಾ ಮಾನಸಿಕ ಆಸ್ಪತ್ರೆಗೆ ಬಂದಿತ್ತು. ಓದಿದ ಟೇಲರಮ್ಮ ಒಪ್ಪಲಿಲ್ಲ. “ಅಕ್ಕನ ಜೊತೆ ಬಸ್ಸಲ್ಲಿ ಬಂದೆ ಕಣ್ರೀ. ಕಿಟಕಿ ಸೀಟೇ ಸಿಕ್ಕಿತ್ತು.” ಆ ಸಾಲು ಹೊಡೆದು ಹಾಕಿದೆ.

೨
ಹಾಗಾದರೆ ಹೀಗೆ. ಒಂಬತ್ತು ದಿನ ಕಣ್ಣು ಮುಚ್ಚದ ಟೇಲರಮ್ಮ ಗಿರಾಕಿಗಳ ಹದಿನಾಲ್ಕು ಅಂಗಿಗಳ ತೋಳಿನ ಬಾಯಿ ಮುಚ್ಚಿ ಹೊಲಿದಳು. ಕೈ ಹೊರಬಂದರೆ ಅವರಿಗೆಲ್ಲ ಕೇಡು ಎಂದು ಅವಳಿಗೆ ಖಾತ್ರಿಯಾಗಿತ್ತು. ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದಾಗ, ಟೇಲರಮ್ಮ ತಾನು ತೊಟ್ಟಿದ್ದ ಅಂಗಿಯ ತೋಳನ್ನೇ ಸೂಜಿಯ ಕೆಳಗಿಟ್ಟು ಪೆಡಲ್ ತುಳಿಯುತ್ತಿದ್ದಳು.

(ಇಲ್ಲಿ ನೀವು ಮರುಗಬೇಕೆಂದು ನನ್ನಾಸೆ. ಅವಳದು ಬೇರೆ: “ಹೊಲಿಗೆ ನೀಟಾಗಿತ್ತು, ಅದನ್ನೂ ಬರೀರಿ.”)

೩
ಡಾಕ್ಟರ ಮೇಜಿನ ಮೇಲೆ ಎರಡು ಫಾರಂ. ಒಂದಕ್ಕೆ ರೋಗಿಯೇ ಸಹಿ ಮಾಡಿ ಸೇರುವುದು. ಬೇಕೆಂದಾಗ ಮನೆಗೆ ಹೋಗುತ್ತೇನೆಂದು ಅವಳೇ ಕೇಳಬಹುದು. ಇನ್ನೊಂದಕ್ಕೆ ಮನೆಯವರ ಸಹಿ; ಅದರಲ್ಲಿ ಅವಳ ಒಪ್ಪಿಗೆ ಬೇಕಿಲ್ಲ.

ಅಕ್ಕ ಎರಡನೆಯದನ್ನು ಆಗಲೇ ತುಂಬಿದ್ದಳು. ಶಾಲೆಯಲ್ಲಿ ತಂಗಿಯ ಪ್ರೋಗ್ರೆಸ್ ಕಾರ್ಡಿಗೆ ಅಮ್ಮನ ಸಹಿ ಹಾಕಿಕೊಟ್ಟ ಕೈ ಅದು.

“ಒಂಬತ್ತು ದಿನದಿಂದ ನಿದ್ದೆ ಇಲ್ಲ ನಿನಗೆ. ನಾನೇ ಹಾಕ್ತೀನಿ ಬಿಡೆ.”

“ಬೇಡಕ್ಕ. ನಾನು ಮೊದಲು ಕಚ್ಚಾ ಹೊಲಿಗೆ ಹಾಕೋದು ಯಾಕೆ ಹೇಳು? ಬಿಚ್ಚೋಕೆ ಬರುತ್ತೆ ಅಂತ. ಬಿಚ್ಚಬಹುದು ಅಂತ ಗೊತ್ತಿದ್ರೆ ನಾನಿಲ್ಲಿ ಇರ್ತೀನಿ.”

“ಅದೇ ನನ್ನ ಭಯ ಕಣೆ! ನಾಡಿದ್ದೇ ಎದ್ದು ಬಂದ್ಬಿಟ್ರೆ?”

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. “ಹೋಗೋ ಮೊದ್ಲು ನನಗೆ ಹೇಳ್ಬೇಕು. ಜೀವಕ್ಕೆ ಅಪಾಯ ಅಂತ ಕಂಡ್ರೆ ಮಾತ್ರ ತಡೀತೀನಿ. ನೀವೇನಂತೀರಮ್ಮ? ಇರ್ತೀರಾ?”

“ಇರ್ತೀನಿ. ನನಗೆ ನಿದ್ದೆ ಬೇಕು.”

೪
ಇಲ್ಲೊಂದು ಜಗಳ ಬರೆದಿದ್ದೆ. ಅಂತ್ಯ ಅ: ಅಕ್ಕನೇ ಸಹಿ ಮಾಡುತ್ತಾಳೆ, ಅಕ್ಕತಂಗಿಯರ ಮಾತು ನಿಲ್ಲುತ್ತದೆ. ಅಂತ್ಯ ಆ: ತಂಗಿ ಮೂರನೆಯ ದಿನ ಗೇಟು ದಾಟುತ್ತಾಳೆ.

“ಅಳಿಸದೆ ಕಥೆ ಮುಗಿಸೋಕೆ ಬರಲ್ವೇನ್ರೀ ನಿಮಗೆ?” ಎಂದಳು ಟೇಲರಮ್ಮ.

ನಡೆದದ್ದು ಇಷ್ಟು. ಅಕ್ಕ ತಾನು ತುಂಬಿದ್ದ ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ತಂಗಿ ಸಹಿ ಮಾಡಲು ನಾಲ್ಕು ನಿಮಿಷ ತೆಗೆದುಕೊಂಡಳು. ಕಾಗದ ಜಾರದ ಹಾಗೆ ಅಕ್ಕ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಆಮೇಲೆ ಟೇಲರಮ್ಮ ಹದಿನೇಳು ಗಂಟೆ ನಿದ್ದೆ ಮಾಡಿದಳು. (ವಿಮರ್ಶಕರು ಇದನ್ನು ಘಟನೆ ಎನ್ನಲಾರರು. ಅಕ್ಕನನ್ನು ಕೇಳಿ ನೋಡಿ.)

೫
ಅವಳು ಸೇರಿ ಇಂದಿಗೆ ಹನ್ನೊಂದು ದಿನ. ಪ್ರತಿ ಬೆಳಿಗ್ಗೆ ಡಾಕ್ಟರು ಕೇಳುತ್ತಾರೆ, “ಹೇಗಿದೀರಿ? ಹೋಗೋ ಮನಸ್ಸಾಯ್ತಾ?” ಅವಳು ಯೋಚಿಸಿ ಹೇಳುತ್ತಾಳೆ, “ಇವತ್ತು ಬೇಡ.” ಯೋಚಿಸುವುದೇ ಅವಳಿಗೆ ಇಷ್ಟ.

ನನಗೋ ಕಥೆ ಮುಗಿಸುವ ಅವಸರ. “ನಾಳೆ ಡಿಸ್ಚಾರ್ಜ್ ಅಂತ ಬರೆದುಬಿಡಲಾ?” ಎಂದೆ.

“ನನ್ನ ಸಹಿ ಅಕ್ಕನಿಗೇ ಬಿಟ್ಟುಕೊಡಲಿಲ್ಲ, ನಿಮಗೆ ಬಿಡ್ತೀನಾ?” ಎಂದು ನಕ್ಕು, ಟೇಲರಮ್ಮ ತಟ್ಟೆ ಹಿಡಿದು ಊಟದ ಸಾಲಿನ ಕಡೆ ನಡೆದಳು.