ಹೂ ಬಿಡದ ಸತ್ಸುಕಿ

ಪಕ್ಕದ ಮನೆಯ ಯಾಸಾಬುರೋ ಅವರ ಬೋನ್ಸಾಯ್ ಸತ್ಸುಕಿ ಹೂಗಿಡಕ್ಕೆ ಅವರ ಅಜ್ಜನ ವಯಸ್ಸು. ಕುಂಡ ಸೇರಿಸಿದರೂ ಸೊಂಟದೆತ್ತರ ಬರುವುದಿಲ್ಲ, ಆದರೆ ಆ ಮನೆಯನ್ನು ಕುಣಿಸುವುದು ಅದೇ. ನಮ್ಮ ಕನುಮ ಊರಿನಲ್ಲಿ ಯಾರ ಮನೆಯಲ್ಲಿಲ್ಲ ಸತ್ಸುಕಿ? ನನ್ನ ಗಿಡವನ್ನು ನಾನು ಅದರ ಪಾಡಿಗೆ ಬಿಟ್ಟಿದ್ದೇನೆ. ಅಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ನೀರು, ಚಳಿಗೆ ಮರೆ, ಮೇ ಕೊನೆಗೆ ಹೂವಿನ ಪ್ರದರ್ಶನ, ಅದು ಮುಗಿದ ಕೂಡಲೇ ಬಾಡಿದ ಹೂ ಕಿತ್ತು ಕತ್ತರಿ ಆಡಿಸಬೇಕು. ಮುದುಕರ ಕೈ ನಡುಗತೊಡಗಿದ ಮೇಲೆ ಎಲ್ಲವೂ ಸೊಸೆ ಚಿಗುಸಾಳ ತಲೆಗೆ ಬಂತು. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುತ್ತಾನೆ. ಇವಳು ಮಾತ್ರ ಒಂದು ರಾತ್ರಿಯೂ ಬೇರೆ ಕಡೆ ಮಲಗಿದವಳಲ್ಲ.

ಅವಳ ತಂಗಿ ಫುಮಿಎ ಮುಂದಿನ ಮೇ ತಿಂಗಳಲ್ಲಿ ಸಮುದ್ರದ ದಂಡೆಯ ತವರೂರಿನಲ್ಲಿ ನೂಡಲ್ಸ್ ಅಂಗಡಿ ತೆರೆಯುವವಳಿದ್ದಳು. ಒಂದು ತಿಂಗಳು ಜೊತೆಗಿರು ಎಂದು ಅಕ್ಕನನ್ನು ಕರೆದಿದ್ದಳು.

"ಮೇ ತಿಂಗಳಲ್ಲೇ? ಹೂ ಬಿಡೋ ಹೊತ್ತಲ್ಲೇನಮ್ಮಾ?" ಎಂದು ಮಾವ ನಕ್ಕರು. "ಜನವರೀಲಿ ಹೋಗು, ಯಾರು ಬೇಡ ಅಂದ್ರು?"

ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಅಕ್ಕ, ಹೂವೇ ಇಲ್ದಿದ್ರೆ?" ಎಂದು ಚಿಗುಸಾ ಬೇಲಿಯ ಹತ್ತಿರ ಬಂದು ನನ್ನನ್ನು ಕೇಳಿದಳು.

"ಹೂ ಇಲ್ದಿದ್ರೆ ಪ್ರದರ್ಶನ ಇಲ್ಲ, ನಿನ್ನ ಕೇಳೋರೂ ಇಲ್ಲ. ನೀರು ತಾನೇ, ನಾನ್ ಹಾಕ್ತೀನಿ ಹೋಗೆ," ಎಂದೆ ತಮಾಷೆಗೆ. ಅವಳು ನಗಲಿಲ್ಲ.

ಬೇಸಿಗೆ ಕಳೆದ ಮೇಲೆ ಕತ್ತರಿ ಇಟ್ಟರೆ ಮರುವರ್ಷದ ಹೂ ಹೋಯಿತೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಅಕ್ಟೋಬರಿನ ಒಂದು ಮಧ್ಯಾಹ್ನ ಮಾವ ಊರಿನ ಬಿಸಿನೀರಿನ ಸ್ನಾನಗೃಹಕ್ಕೆಂದು ಹೊರಟರು. ಚಿಗುಸಾ ಕುಂಡದ ಮುಂದೆ ಮೊಣಕಾಲೂರಿ, ಕೊಂಬೆಗಳ ತುದಿಯಲ್ಲಿ ಕೂತಿದ್ದ ಮೊಗ್ಗುಗಳನ್ನು ಒಂದೊಂದಾಗಿ ಕತ್ತರಿಸಿದಳು. ಬೇಲಿಯ ಈಚೆಯಿಂದ ನಾನು ನೋಡುತ್ತಲೇ ಇದ್ದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು.

ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮರಳಿದರು. ಗಿಡದ ಮುಂದೆ ನಿಂತುಬಿಟ್ಟರು.

"ಒಂದೂ ಬಿಟ್ಟಿಲ್ವಲ್ಲಮ್ಮಾ."

"ಬೇಕೂಂತಲೇ ಕತ್ತರಿಸ್ದೆ, ಮಾವ," ಎಂದಳು.

ಅವರು ಜಗಲಿಯ ಮೇಲೆ ಕುಸಿದು ಕೂತರು. ಕಣ್ಣು ಒದ್ದೆಯಾಗಿತ್ತು.

"ಮುದಿ ಗಿಡ, ನಡುನಡುವೆ ಒಂದು ವರ್ಷ ಮೊಗ್ಗು ಕತ್ತರಿಸಿ ಸುಧಾರಿಸ್ಕೊಳ್ಳೋಕೆ ಬಿಡಬೇಕು ಅಂತ ನಮ್ಮಪ್ಪ ಬಡ್ಕೋತಿದ್ರು. ನನಗೆ ಹೂವಿನಾಸೆ, ಎದೆಗಾರಿಕೆ ಬರ್ಲಿಲ್ಲ. ನೀನು ಮಾಡ್ದೆ ನೋಡು! ಗಿಡ ಅರ್ಥವಾದೋರು ಮಾತ್ರ ಮಾಡೋ ಕೆಲಸ ಇದು."

ಸೊಂಟದ ಚರ್ಮದ ಚೀಲದಿಂದ ತಮ್ಮಪ್ಪನ ಕತ್ತರಿ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಮಗನಿಗೂ ಕೊಟ್ಟಿರದ ಕತ್ತರಿ ಅದು.

"ಹೂ ಬಿಡದ ವರ್ಷವೇ ಕೆಲಸ ಜಾಸ್ತಿ. ಮೇನಲ್ಲಿ ಕೊಂಬೆ ತಗ್ಗಿಸ್ಬೇಕು, ಕುಂಡ ಬದಲಾಯಿಸ್ಬೇಕು. ಇನ್ಮೇಲೆ ಇದು ನಿಂದೇ ಕಣಮ್ಮ, ಕೊನೇವರೆಗೂ."

ಚಿಗುಸಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ತಲೆಬಾಗಿ ಎರಡೂ ಕೈಯಲ್ಲಿ ಇಸಿದುಕೊಂಡಳು. ಬೇರೇನು ಮಾಡಿಯಾಳು?

ಸಂಜೆ ಅವಳು ಫೋನಿನಲ್ಲಿ ಮಾತಾಡುತ್ತಿದ್ದುದು ಬೇಲಿಯ ಈಚೆಗೆ ಕೇಳಿಸಿತು.

"ಮೇನಲ್ಲಿ ಬರೋಕಾಗಲ್ಲ ಕಣೆ, ಫುಮಿಎ. ಈ ಸಲ ಗಿಡ ಹೂ ಬಿಡಲ್ಲ, ಅದಕ್ಕೆ."